ಬಿಸಿಲಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ

ಮನೆಯಿಂದ ಹೊರಡುವ ಮುನ್ನ ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವುದು ನಗರದ ಮಧ್ಯಮ ವರ್ಗದಲ್ಲಿ ನಿತ್ಯದ ರೂಢಿಯಾಗುತ್ತಿದೆ. ಇದು ಬರಿಯ ಶೋಕಿ ಎಂದು ಹಂಗಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಸೂರ್ಯನ ನೇರಳಾತೀತ ಕಿರಣಗಳು ಚರ್ಮವನ್ನು ಅಕಾಲದಲ್ಲಿ ಸುಕ್ಕುಗಟ್ಟಿಸುತ್ತವೆ, ಬಂಗನ್ನು ಹೆಚ್ಚಿಸುತ್ತವೆ, ಕಣ್ಣಿನ ಪೊರೆಗೂ ಕಾರಣವಾಗುತ್ತವೆ. ನಮ್ಮ ಕಂದು ಚರ್ಮದ ಮೆಲನಿನ್ ಒಂದಿಷ್ಟು ರಕ್ಷಣೆ ನೀಡುತ್ತದೆ. ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ನಮ್ಮಲ್ಲಿ ಬಹಳ ವಿರಳ. ಆದರೆ ಉಳಿದ ತೊಂದರೆಗಳಿಂದ ನಮಗೆ ವಿನಾಯಿತಿ ಇಲ್ಲ. ಆದ್ದರಿಂದ ನನ್ನ ಪ್ರಶ್ನೆ ಬೇರೆ: ಈ ರಕ್ಷಣೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದವರಿಗೆ ಅದು ಯಾವ ರೂಪದಲ್ಲಿ ದೊರೆಯಬೇಕು?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳು. ಶೇಂಗಾ ಹೊಲ, ಕುರಿ ಕಾಯುವ ಬಯಲು, ಕೆರೆ ಹೂಳೆತ್ತುವ ಕಾಮಗಾರಿ, ಎಲ್ಲವೂ ತೆರೆದ ಆಕಾಶದ ಕೆಳಗಿನ ದುಡಿಮೆ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತೆ ಆಗಸ್ಟ್ ನಡುಭಾಗದಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೇ ನಿಲ್ಲುತ್ತಾನೆ. ನೇರಳಾತೀತ ಕಿರಣದ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕೆಂದೂ 11 ದಾಟಿದರೆ ಅಪಾಯ ತೀವ್ರವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೋಡವಿಲ್ಲದ ಬೇಸಿಗೆಯ ನಡುಹಗಲಿನಲ್ಲಿ ದಕ್ಷಿಣ ಭಾರತದಲ್ಲಿ ಆ ಅಂಕಿ ದಾಟುವುದು ಅಪರೂಪವೇನಲ್ಲ.

ಇಂಥಲ್ಲಿ ದುಡಿಯುವವರಿಗೆ ಕ್ರೀಮು ಉತ್ತರವಾಗಲಾರದು. ಲೆಕ್ಕ ಸರಳ. ಮುಖ ಮತ್ತು ಕತ್ತಿಗೆ ಒಂದು ಟೀ ಚಮಚ, ಒಂದೊಂದು ತೋಳಿಗೂ ಒಂದೊಂದು ಚಮಚ ಹಚ್ಚಬೇಕು, ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಎಂಬುದು ಚರ್ಮವೈದ್ಯರ ಸಲಹೆ. ಆರು ಗಂಟೆ ದುಡಿಯುವ ಹೆಂಗಸಿಗೆ 50 ಗ್ರಾಂ ಟ್ಯೂಬು ಒಂದೇ ದಿನಕ್ಕೆ ಬಹುಮಟ್ಟಿಗೆ ಖಾಲಿ. ಅದರ ಬೆಲೆ ಸಾಮಾನ್ಯವಾಗಿ ಮುನ್ನೂರರಿಂದ ಐನೂರು ರೂಪಾಯಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ದಿನದ ಕೂಲಿಯೆಲ್ಲ ಲೇಪಕ್ಕೇ ಸರಿಹೋದರೆ ಒಲೆ ಹೊತ್ತಿಸುವುದು ಹೇಗೆ?

ಈ ಜನ ಕೈಕಟ್ಟಿ ಕುಳಿತಿಲ್ಲ. ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ತಲೆಗೆ ಬಿಗಿದು ಕೆಲಸಕ್ಕಿಳಿಯುತ್ತಾರೆ. ಕುರಿಗಾಹಿ ತಲೆಗೆ ರುಮಾಲು ಸುತ್ತುತ್ತಾನೆ. ತಜ್ಞರು ಕೂಡ ಮೊದಲ ಸ್ಥಾನ ಕೊಡುವುದು ನೆರಳಿಗೆ ಮತ್ತು ಬಟ್ಟೆಗೆ. ಲೇಪ ಅದಕ್ಕೆ ಪೂರಕ ಮಾತ್ರ. ಬಟ್ಟೆಯನ್ನು ಜನರೇ ಹೊಂದಿಸಿಕೊಂಡಿದ್ದಾರೆ. ನೆರಳು ಮತ್ತು ವೇಳೆ ಮಾತ್ರ ಅವರ ಕೈಯಲ್ಲಿಲ್ಲ, ಕೆಲಸ ಕೊಡುವವರ ಕೈಯಲ್ಲಿದೆ.

2003ರ ಬರಗಾಲದಲ್ಲಿ ಈ ಭಾಗದ ಪರಿಹಾರ ಕಾಮಗಾರಿಗಳನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಅಂದಾಜುಪಟ್ಟಿಯಲ್ಲಿದ್ದ ನೆರಳಿನ ಚಪ್ಪರದ ಬಾಬ್ತನ್ನು ಅನಗತ್ಯ ವೆಚ್ಚವೆಂದು ನಾನೇ ಹೊಡೆದುಹಾಕಿದೆ. ಮರುವಾರ ತಪಾಸಣೆಗೆ ಹೋದಾಗ ಬಾಣಂತಿಯೊಬ್ಬಳು ಮಣ್ಣಿನ ಬುಟ್ಟಿಯನ್ನು ಕಡ್ಡಿಗೆ ಒರಗಿಸಿ, ಅದರ ನೆರಳಿನಲ್ಲಿ ಕೂಸನ್ನು ಮಲಗಿಸಿದ್ದಳು. ಸುತ್ತ ಇದ್ದುದು ನೆರಳು ಕೊಡದ ಜಾಲಿ ಮಾತ್ರ. ನಾನು ಉಳಿಸಿದ್ದು ಕೆಲವೇ ನೂರು ರೂಪಾಯಿ. ಅನಂತರ 2005ರ ಉದ್ಯೋಗ ಖಾತರಿ ಕಾಯ್ದೆ ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರು, ಮಕ್ಕಳಿಗೆ ಮತ್ತು ವಿಶ್ರಾಂತಿಗೆ ನೆರಳು ಇರತಕ್ಕದ್ದೆಂದು ತನ್ನ ಅನುಸೂಚಿಯಲ್ಲೇ ವಿಧಿಸಿತು. ಯೋಜನೆಗಳ ಹೆಸರು, ಸ್ವರೂಪ ಬದಲಾಗಬಹುದು. ಆ ಸಾಲು ಬದಲಾಗಬಾರದು, ಕಾಗದದಲ್ಲೇ ಉಳಿಯಲೂಬಾರದು.

ವೇಳೆಯ ವಿಷಯದಲ್ಲಿ ಸರ್ಕಾರಕ್ಕೆ ದಾರಿ ತಿಳಿಯದೆ ಇಲ್ಲ. ಕಲಬುರಗಿ ವಿಭಾಗದ ಏಳು ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬದಲಿಸುವ ಪದ್ಧತಿಯಿದೆ. 2025ರ ಏಪ್ರಿಲ್ ಮತ್ತು ಮೇ ತಿಂಗಳಲ್ಲೂ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ವೇಳೆ ನಿಗದಿಯಾಗಿತ್ತು. ಬಳ್ಳಾರಿಗೆ ಆ ಅನುಕೂಲ ಉಂಟು. ಮೊಳಕಾಲ್ಮುರು ತಾಲ್ಲೂಕಿನ ರಾಂಪುರ ದಾಟಿ ಅದೇ ಬಳ್ಳಾರಿಯ ಹಾದಿಯಲ್ಲಿ ನಿಂತರೆ ಬಿಸಿಲಿನಲ್ಲಿ ಯಾವ ವ್ಯತ್ಯಾಸವೂ ಕಾಣದು. ಚಿತ್ರದುರ್ಗ ಬೆಂಗಳೂರು ಕಂದಾಯ ವಿಭಾಗಕ್ಕೆ ಸೇರಿದ ಕಾರಣ ಅಲ್ಲಿನ ಬಿಸಿಲನ್ನೂ ಆಡಳಿತ ಬೆಂಗಳೂರಿನ ಬಿಸಿಲೆಂದೇ ಎಣಿಸಿದಂತಿದೆ. ಅದಕ್ಕಿಂತ ಸೋಜಿಗವೆಂದರೆ ಆ ಆದೇಶ ಕಾಯುವುದು ಸೂರಿನ ಕೆಳಗೆ, ಫ್ಯಾನಿನಡಿ ಕುಳಿತ ನಮ್ಮಂಥವರನ್ನು.

ಆದ್ದರಿಂದ ನನ್ನ ಸಲಹೆ ದೊಡ್ಡದೇನಲ್ಲ. ನೇರಳಾತೀತ ಕಿರಣಗಳ ಬಹುಪಾಲು ಬೀಳುವುದು ಬೆಳಿಗ್ಗೆ 10ರಿಂದ ಸಂಜೆ 4ರ ನಡುವೆ. ಮಾರ್ಚಿಯಿಂದ ಮೇವರೆಗೆ ಈ ಎರಡೂ ತಾಲ್ಲೂಕುಗಳ ಸಾರ್ವಜನಿಕ ಕಾಮಗಾರಿಗಳು ನಸುಕಿನ 6ಕ್ಕೆ ಆರಂಭವಾಗಿ 11ರೊಳಗೆ ಮುಗಿಯಲಿ. ಹಾಜರಿಯ ಫೋಟೊ ವೇಳೆಯೂ ಅದಕ್ಕೆ ಹೊಂದಲಿ. ಅಗೆದ ಮಣ್ಣಿನ ಅಳತೆಗೆ ತಕ್ಕಂತೆ ಕೂಲಿ ಎಂಬ ನಿಯಮವಿದ್ದಲ್ಲಿ, ಆ ತಿಂಗಳುಗಳ ಮಟ್ಟಿಗೆ ಅಳತೆಯನ್ನು ಇಳಿಸಲಿ. ಇಲ್ಲವಾದರೆ ಕೂಲಿ ಕಡಿಮೆಯಾದೀತೆಂಬ ಭಯದಿಂದ ಜನ ಮಧ್ಯಾಹ್ನವೂ ಗುದ್ದಲಿ ಬಿಡುವುದಿಲ್ಲ. ಚಪ್ಪರದ ಬಾಬ್ತನ್ನು ಯಾವ ಅಧಿಕಾರಿಯೂ ಹೊಡೆದುಹಾಕದಿರಲಿ.

ಮೊಳಕಾಲ್ಮುರಿನ ಹೆಸರಾಂತ ರೇಷ್ಮೆ ಸೀರೆ ನೇಯುವವರು ಬಣ್ಣ ಹಾಕಿದ ನೂಲನ್ನು ನೆರಳಿನಲ್ಲೇ ಒಣಗಿಸುತ್ತಾರೆ. ಉರಿಬಿಸಿಲಿಗೆ ಬಣ್ಣ ಮಾಸುತ್ತದೆಂಬುದು ಅವರಿಗೆ ಗೊತ್ತು. ನೂಲಿಗೆ ಸಿಗುವ ಆ ಕಾಳಜಿ ಕೆರೆಯಂಗಳದಲ್ಲಿ ಮಣ್ಣು ಹೊರುವವರಿಗೂ ಸಿಗಲು ಹೊಸ ಸಂಶೋಧನೆಯೇನೂ ಬೇಕಿಲ್ಲ, ಬೇಸಿಗೆಗೆ ಮೊದಲು ಹೊರಡುವ ಒಂದು ಆದೇಶ ಸಾಕು.