ನಾಲ್ಕು ಗೋಡೆಗಳ ಎರಡು ಅರ್ಥ

‘ಸ್ಕ್ವಾಷ್ ಶ್ರೀಮಂತರ ಆಟ, ನಮ್ಮ ಇಂಡಿ, ಸಿಂದಗಿಯ ಹುಡುಗಿಯರಿಗೆ ಅದರ ಗೊಡವೆ ಏಕೆ?’ ಜೋಷ್ನಾ ಚಿನ್ನಪ್ಪ ಅವರ ಮಾತೆತ್ತಿದಾಗಲೆಲ್ಲ ಹಿರಿಯ ಮಿತ್ರರೊಬ್ಬರು ಹೀಗೆ ಕೇಳುತ್ತಾರೆ. ಈ ಪ್ರಶ್ನೆಯ ಹಿಂದಿರುವ ಮನೋಭಾವಕ್ಕೆ ನನ್ನ ಸ್ಪಷ್ಟ ವಿರೋಧವಿದೆ.

ಮೊದಲು ಆ ಆಟಗಾರ್ತಿಯ ವಿಚಾರ. ಕೊಡವ ಮನೆತನದ ಜೋಷ್ನಾ ಹುಟ್ಟಿದ್ದು 1986ರಲ್ಲಿ, ಚೆನ್ನೈನಲ್ಲಿ. 2000ರಲ್ಲಿ, ಹದಿನಾಲ್ಕನೆಯ ವಯಸ್ಸಿಗೇ ಅವರು ರಾಷ್ಟ್ರೀಯ ಚಾಂಪಿಯನ್ ಆದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಅವರೊಂದಿಗೆ ಡಬಲ್ಸ್ ಚಿನ್ನ ಗೆದ್ದರು. ಆ ಕೂಟದ ಇತಿಹಾಸದಲ್ಲಿ ಸ್ಕ್ವಾಷ್ ಭಾರತಕ್ಕೆ ತಂದ ಮೊದಲ ಪದಕವದು. 2016ರಲ್ಲಿ ವಿಶ್ವ ಶ್ರೇಯಾಂಕದಲ್ಲಿ ಹತ್ತನೆಯ ಸ್ಥಾನ, 2017ರಲ್ಲಿ ಏಷ್ಯನ್ ಚಾಂಪಿಯನ್ ಪಟ್ಟ, 2024ರಲ್ಲಿ ಪದ್ಮಶ್ರೀ. 2025ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿಯೂ ಅವರಿದ್ದರು. ಆಗ ಅವರ ವಯಸ್ಸು ಮೂವತ್ತೊಂಬತ್ತು!

ಹದಿನಾಲ್ಕರಿಂದ ಮೂವತ್ತೊಂಬತ್ತು ಎಂದರೆ ಇಪ್ಪತ್ತೈದು ವರ್ಷಗಳ ಆಟ. ನಮ್ಮಲ್ಲಿ ನಡೆಯುವುದೇನು? ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯ ಶಾಲೆಗಳಲ್ಲಿ ಖೋ ಖೋ ಆಡುತ್ತ ಚಿಗರಿಯಂತೆ ಓಡುತ್ತಿದ್ದ ಎಷ್ಟೋ ವಿದ್ಯಾರ್ಥಿನಿಯರನ್ನು ಕಂಡಿದ್ದೇನೆ. ಹತ್ತನೆಯ ತರಗತಿ ಮುಗಿಯುವುದರೊಳಗೆ ಮನೆಯಲ್ಲಿ ‘ದೊಡ್ಡಾಕಿ ಆದಿ, ಇನ್ನ ಆಟ ಸಾಕು’ ಎಂಬ ಅಪ್ಪಣೆ ಹೊರಡುತ್ತದೆ. ಒಬ್ಬಳ ಕ್ರೀಡಾಜೀವನ ಆರಂಭವಾಗಬೇಕಾದ ವಯಸ್ಸಿಗೇ ನಾವು ಅದನ್ನು ಮುಗಿಸಿಬಿಡುತ್ತೇವೆ. ಆಮೇಲೆ ‘ನಮ್ಮ ಕಡೆ ಪ್ರತಿಭೆ ಇಲ್ಲ’ ಎಂದು ಭಾಷಣ ಮಾಡುತ್ತೇವೆ!

ಪ್ರತಿಭೆ ಇಲ್ಲವೆಂಬುದು ಶುದ್ಧ ಸುಳ್ಳು. ನಮ್ಮ ವಿಜಯಪುರದಲ್ಲಿಯೇ ಹುಟ್ಟಿದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್ ಕ್ರಿಕೆಟ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಕೇವಲ 15 ರನ್ ಕೊಟ್ಟು ಐದು ವಿಕೆಟ್ ಪಡೆದರು. ಆಡಲು ಬಿಟ್ಟರೆ ಈ ಮಣ್ಣಿನ ಮಗಳು ಏನು ಮಾಡಬಲ್ಲಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ‘ಶ್ರೀಮಂತರ ಆಟ’ ಎಂಬ ಆಕ್ಷೇಪ. ಸ್ಕ್ವಾಷ್ ಅಂಕಣದ ಉದ್ದ 9.75 ಮೀಟರ್, ಅಗಲ 6.4 ಮೀಟರ್. ಪುರುಷರ ಕಬಡ್ಡಿ ಅಂಕಣದ ಅರ್ಧದಷ್ಟು ಜಾಗವೂ ಅದಕ್ಕೆ ಬೇಡ. ಎತ್ತರದ ಗೋಡೆ, ಮರದ ನೆಲ, ಒಳ್ಳೆಯ ತರಬೇತುದಾರ ಇವಕ್ಕೆ ಹಣ ಬೇಕು, ನಿಜ. ಜೋಷ್ನಾ ಅವರಿಗೆ ಸ್ವತಃ ಸ್ಕ್ವಾಷ್ ಆಡುತ್ತಿದ್ದ ತಂದೆಯಿದ್ದರು, ಚೆನ್ನೈಯಂಥ ನಗರವಿತ್ತು ಎಂಬುದೂ ನಿಜ. ಆದರೆ ಇದರಿಂದ ಸಿದ್ಧವಾಗುವುದೇನು? ಅನುಕೂಲ ದೊರೆತಲ್ಲಿ ಆಟಗಾರ್ತಿ ಬೆಳೆಯುತ್ತಾಳೆ ಎಂದಷ್ಟೇ. ಅಂಕಣ ಕ್ಲಬ್ಬಿನ ಆವರಣದಲ್ಲಿಯೇ ಉಳಿದಿರುವವರೆಗೆ ಮಾತ್ರ ಆಟ ಶ್ರೀಮಂತರದು. ಸರಕಾರಿ ಶಾಲೆಯ ಬಯಲಿಗೆ ಬಂದ ದಿನ ಅದು ಎಲ್ಲರದು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಮೊದಲ ಬಾರಿಗೆ ಸೇರ್ಪಡೆಯಾಗಿದೆ. ಗೆದ್ದವರ ಮೂಲ ಹುಡುಕಿ ‘ನಮ್ಮ ಕನ್ನಡ ನಾಡಿನ ಕುಡಿ’ ಎಂದು ಶಾಲು ಹೊದಿಸಲು ನಮ್ಮ ಮುಖಂಡರು ಸದಾ ಸಿದ್ಧ. ಆ ಉತ್ಸಾಹದಲ್ಲಿ ಒಂದು ಪಾಲು ಹುಡುಗಿಯರು ಆಡುವ ಅಂಕಣಕ್ಕೆ ಮೀಸಲಾಗಲಿ. ತಾಲೂಕಿಗೊಂದು ಬೇಡ, ಜಿಲ್ಲೆಗೊಂದಾದರೂ ಕಟ್ಟಿ ನೋಡಲಿ.

ಪಾಲಕರಲ್ಲಿ ನನ್ನದೊಂದು ವಿನಂತಿ. ಹೆಣ್ಣುಮಕ್ಕಳು ನಾಲ್ಕು ಗೋಡೆಗಳ ನಡುವೆಯೇ ಇರಬೇಕೆಂಬ ಹಟ ನಿಮಗಿದ್ದರೆ, ಅವರ ಕೈಗೊಂದು ರ‍್ಯಾಕೆಟ್ ಕೊಟ್ಟು ಕಳುಹಿಸಿ. ಸ್ಕ್ವಾಷ್ ಆಡುವುದೂ ನಾಲ್ಕು ಗೋಡೆಗಳ ನಡುವೆಯೇ!