ಷರಾಯಿಯ ಅಳತೆ, ಹೃದಯದ ಲೆಕ್ಕ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳಿದ್ದು ಹಣದ ವಿಚಾರವಾಗಿ. ಆ ಮಾತು ಆಯುಸ್ಸಿಗೂ ಸಲ್ಲುತ್ತದೆಂಬುದಕ್ಕೆ ಲೆಕ್ಕಸಹಿತವಾದ ಸಾಕ್ಷ್ಯವನ್ನು ಒದಗಿಸಿದವರು ಲಂಡನ್ ನಗರದ ಬಸ್ಸಿನ ಡ್ರೈವರುಗಳು ಮತ್ತು ಕಂಡಕ್ಟರುಗಳು. ಆ ಸಾಕ್ಷ್ಯವನ್ನು ಗುರುತಿಸಿದವರು ಜೆರ್ರಿ ಮಾರಿಸ್ ಎಂಬ ವೈದ್ಯವಿದ್ವಾಂಸರು.

1910ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿ ಗ್ಲಾಸ್ಗೋ ನಗರದಲ್ಲಿ ಬೆಳೆದ ಮಾರಿಸ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವೈದ್ಯರಾಗಿ ಭಾರತ, ಬರ್ಮಾಗಳಲ್ಲಿಯೂ ಇದ್ದರು. ಯುದ್ಧ ಮುಗಿದು ಅವರು ಸಂಶೋಧನೆಗೆ ತೊಡಗಿದಾಗ ಇಂಗ್ಲೆಂಡಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಿತ್ತು. ಕಾರಣವು ಮಾತ್ರ ತಿಳಿದಿರಲಿಲ್ಲ. ಮಾಡುವ ಕೆಲಸಕ್ಕೂ ಬರುವ ರೋಗಕ್ಕೂ ಸಂಬಂಧವಿರಬಹುದೆ ಎಂಬ ಸಂಶಯ ಮಾರಿಸರದು.

ಲಂಡನ್ನಿನ ಎರಡಂತಸ್ತಿನ ಬಸ್ಸು ಈ ಪ್ರಶ್ನೆಗೆ ಹೇಳಿ ಮಾಡಿಸಿದ ಪ್ರಯೋಗಶಾಲೆ. ಬಸ್ಸು ಒಂದೇ, ಬೀದಿ ಒಂದೇ, ಇಬ್ಬರ ಬದುಕಿನ ಅಂತಸ್ತೂ ಹೆಚ್ಚುಕಡಿಮೆ ಒಂದೇ. ಆದರೆ ಡ್ರೈವರು ದಿನವೆಲ್ಲ ಕುಳಿತಿರುತ್ತಿದ್ದ. ಕಂಡಕ್ಟರು ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಿದ್ದ. ಸುಮಾರು 31,000 ನೌಕರರ ಆರೋಗ್ಯದ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ ಮಾರಿಸರು ಫಲಿತಾಂಶವನ್ನು ಪ್ರಕಟಿಸಿದರು. ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ. ಆದರೂ ಮೊದಲ ಆಘಾತದಲ್ಲಿಯೇ ಸಾಯುವವರು ಇನ್ನೂ ಕಡಿಮೆ. ಕಾಗದಗಳನ್ನು ಹೊತ್ತು ಮನೆಮನೆಗೆ ನಡೆಯುವ ಅಂಚೆಯವರಿಗೂ ಕುಳಿತೇ ದುಡಿಯುವ ಗುಮಾಸ್ತರಿಗೂ ಇದೇ ಅಂತರ ಕಂಡುಬಂದಿತು.

ಇಷ್ಟಕ್ಕೆ ತೃಪ್ತರಾಗಿದ್ದರೂ ಅವರ ಕೀರ್ತಿಗೆ ಕೊರತೆಯಾಗುತ್ತಿರಲಿಲ್ಲ. ಆದರೆ ವಿರೋಧಿಗಳು ಎತ್ತಬಹುದಾದ ಆಕ್ಷೇಪವನ್ನು ಮಾರಿಸರು ತಾವೇ ಎತ್ತಿಕೊಂಡರು: ಸ್ಥೂಲಕಾಯರೇ ಡ್ರೈವರ್ ಕೆಲಸವನ್ನು ಆರಿಸಿಕೊಳ್ಳುತ್ತಿದ್ದರೆ? ಆಗ ತಪ್ಪು ಕುರ್ಚಿಯದಲ್ಲ, ಬೊಜ್ಜಿನದು! ಇದನ್ನು ಅರಿಯಲು ಅವರು ಹುಡುಕಿದ್ದು ಸಮವಸ್ತ್ರದ ಲೆಕ್ಕಪತ್ರಗಳನ್ನು. ಷರಾಯಿಯ ಸೊಂಟದ ಅಳತೆ ಅಲ್ಲಿ ದಾಖಲಾಗಿತ್ತು. 1956ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಡ್ರೈವರುಗಳ ಸೊಂಟವೇ ದಪ್ಪವೆಂದು ಸಿದ್ಧವಾಯಿತು. ಆಕ್ಷೇಪಕ್ಕೆ ಬಲ ಬಂದಿತು.

ಮಾರಿಸರು ಅದನ್ನು ಮುಚ್ಚಿಡಲಿಲ್ಲ. ಮತ್ತೆ ವರ್ಷಗಟ್ಟಲೆ ದುಡಿದರು. ಕೊನೆಗೆ ದೊರೆತ ಉತ್ತರ ಸ್ವಾರಸ್ಯವಾದುದು: ತೆಳ್ಳಗಿರಲಿ, ಸಾಧಾರಣವಿರಲಿ, ದಪ್ಪಗಿರಲಿ, ಒಂದೇ ಮೈಕಟ್ಟಿನವರನ್ನು ಹೋಲಿಸಿದಾಗಲೂ ಕಂಡಕ್ಟರನೇ ಹೆಚ್ಚು ಸುರಕ್ಷಿತ. ಬೊಜ್ಜು ನಿರಪರಾಧಿಯೇನಲ್ಲ. ನಡೆಯುವ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನೂ ಕೊಬ್ಬನ್ನೂ ಹೀರಿ ಉರಿಸುತ್ತವೆ. ಉರಿಯದೆ ಉಳಿದುದು ಸೊಂಟದ ಸುತ್ತ ಸೇರಿ ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿಮಾಡುತ್ತದೆ. ಆದರೆ ತೆಳ್ಳಗಿರುವುದೊಂದೇ ರಕ್ಷೆಯಲ್ಲ. ಹೃದಯವೂ ಸ್ನಾಯುವೇ, ದುಡಿಸದಿದ್ದರೆ ಅದೂ ಸೊರಗುತ್ತದೆ.

ಹಾಗಾದರೆ ಮೇಜಿನ ಮುಂದೆ ಕೂರುವುದೇ ಜೀವನೋಪಾಯವಾದ ನಮ್ಮಂಥವರ ಗತಿಯೇನು? ಈ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ಬ್ರಿಟನ್ನಿನ ಸರಕಾರಿ ಕಚೇರಿಗಳ ಸಾವಿರಾರು ನೌಕರರು ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಕೇಳಿ ಬರೆದುಕೊಂಡರು. ಈಜು, ಬಿರುಸಿನ ನಡಿಗೆ, ತೋಟದ ಗಟ್ಟಿ ಕೆಲಸ ಇವುಗಳಲ್ಲಿ ತೊಡಗಿದವರಿಗೆ ಹೃದ್ರೋಗದ ಭಯವು ಉಳಿದವರಿಗಿಂತ ಮೂರರಲ್ಲೊಂದು ಪಾಲು ಮಾತ್ರವೆಂದು 1973ರಲ್ಲಿ ತಿಳಿಸಿದರು. ಕಚೇರಿಯು ಕಸಿದುಕೊಂಡುದನ್ನು ಸಂಜೆಯು ಹಿಂದಿರುಗಿಸಬಲ್ಲದು!

ತಾವು ಕಂಡುಕೊಂಡ ಸತ್ಯವನ್ನು ಮಾರಿಸರು ತಮ್ಮ ಮೈಗೂ ಅನ್ವಯಿಸಿಕೊಂಡಿದ್ದರು. ಮುಪ್ಪಿನಲ್ಲಿಯೂ ವ್ಯಾಯಾಮವನ್ನು ಬಿಡದ ಅವರು 2009ರಲ್ಲಿ ತೀರಿಕೊಂಡಾಗ ವಯಸ್ಸು 99. ವಿದ್ವತ್ತೆಂದರೆ ಹಲವು ಪ್ರಶ್ನೆಗಳಿಗೆ ಅವಸರದ ಉತ್ತರ ಕೊಡುವುದಲ್ಲ; ಒಂದು ಪ್ರಶ್ನೆಯ ಕೈಯನ್ನು ಕಡೆಯವರೆಗೂ ಬಿಡದಿರುವುದು. ಅವರ ಜೀವನ ವಿದ್ವಾಂಸರಿಗೆ ಕಲಿಸುವ ಪಾಠವಿದು. ನಮಗೆ ನಿಮಗೆ ಉಳಿದ ಪಾಠ ಇನ್ನೂ ಸುಲಭ: ಈ ಪುಟವನ್ನು ಓದಿ ಮುಗಿಸಿದ ಮೇಲೆ ಕುರ್ಚಿಯಿಂದ ಏಳುವುದು.