ಉಬ್ಬುವುದೂ ಹದ ಬರುವುದೂ ಒಂದೇ ಅಲ್ಲ

ಕಳೆದ ವಾರ ನಮ್ಮ ಕಚೇರಿಗೆ ಒಬ್ಬ ತರುಣರು ಬಂದಿದ್ದರು. ಹಿಂದೆ ನಮ್ಮ ಹೋಟೇಲಿನಲ್ಲಿಯೇ ಸಪ್ಲಾಯರ್ ಆಗಿದ್ದು, ರಾತ್ರಿ ಶಾಲೆಯಲ್ಲಿ ಓದಿ, ಈಗ ಕೋಟೆ ಭಾಗದ ಒಂದು ಆಫೀಸಿನಲ್ಲಿ ಗುಮಾಸ್ತರಾಗಿರುವವರು. ಅವರು ಮೇಜಿನ ಮೇಲೆ ಒಂದು ಸಣ್ಣ ಪೊಟ್ಟಣವನ್ನಿಟ್ಟರು. ಮನೆಯಲ್ಲಿ ಬಿಯರ್ ತಯಾರಿಸುವವರಿಗೆಂದು ವಿದೇಶದಲ್ಲಿ ಮಾರುವ ಒಣ ಯೀಸ್ಟು ಅದು. ಅಲ್ಲಿಂದ ಬಂದ ಸ್ನೇಹಿತರೊಬ್ಬರು ತಂದುಕೊಟ್ಟದ್ದಂತೆ. "ಧಣಿಗಳೇ, ಇಂಥವು ಈಗ ಎಷ್ಟೋ ಬಗೆ ಬಂದಿವೆ. ಇದನ್ನೇ ಇಡ್ಲಿ ಹಿಟ್ಟಿಗೆ ಹಾಕಿದರೆ ರಾತ್ರಿಯಿಡೀ ಕಾಯುವ ಕಷ್ಟ ತಪ್ಪುವುದಿಲ್ಲವೇ?" ಎಂದು ಅವರು ಕೇಳಿದರು.

ಪ್ರಶ್ನೆ ನಗುವಂಥದಲ್ಲ. ನಮ್ಮ ವೃತ್ತಿಬಾಂಧವರಲ್ಲಿ ಅನೇಕರ ಮನಸ್ಸಿನಲ್ಲಿಯೂ ಇದು ಸುಳಿದಿರಬಹುದು. ಆದುದರಿಂದ ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಮನೆಯಲ್ಲಿ ಬಿಯರ್ ತಯಾರಿಸುವುದು ಇಂಗ್ಲೆಂಡು, ಅಮೇರಿಕ ಮೊದಲಾದ ದೇಶಗಳಲ್ಲಿ ಒಂದು ಹವ್ಯಾಸ. ಇಂಗ್ಲೆಂಡಿನಲ್ಲಿ ಇದಕ್ಕೆ ಬೇಕಾಗಿದ್ದ ಲೈಸೆನ್ಸನ್ನು 1963ರಲ್ಲಿ ತೆಗೆದುಹಾಕಿದರು. ಅಮೇರಿಕದ ಕೇಂದ್ರ ಸರಕಾರವು 1978ರಲ್ಲಿ ತನ್ನ ಕಾನೂನನ್ನು ಸಡಿಲಿಸಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಯಿಸಿ, ಸೋಸಿದ ಸಿಹಿ ರಸವನ್ನು ಹಾಪ್ಸ್ ಎಂಬ ಹೂವಿನೊಡನೆ ಕುದಿಸಿ, ಆರಿದ ಮೇಲೆ ಯೀಸ್ಟು ಬೆರೆಸುತ್ತಾರೆ. ಸುಮಾರು 20 ಲೀಟರಿಗೆ 11 ಗ್ರಾಮಿನ ಒಂದು ಪೊಟ್ಟಣ ಸಾಕು. ಯೀಸ್ಟು ಆ ಸಿಹಿಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ.

ಆದರೆ ಒಂದೊಂದು ತಳಿಗೆ ಒಂದೊಂದು ಗುಣ. ಸಾಮಾನ್ಯ ಏಲ್ ಬಿಯರಿನ ಯೀಸ್ಟಿಗೆ 20 ಡಿಗ್ರಿಯ ಆಸುಪಾಸಿನ ತಂಪು ಹಿತ. ನಾರ್ವೆಯ ಹಳ್ಳಿಗರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕ್ವೈಕ್ ಎಂಬುದಾದರೋ 35ರಿಂದ 40 ಡಿಗ್ರಿಯ ಕಾವಿನಲ್ಲಿಯೂ ಚೆನ್ನಾಗಿ ದುಡಿಯುತ್ತದೆ. ಅದೂ ಈಗ ಒಣ ಪುಡಿಯಾಗಿ ಸಿಗುತ್ತದೆ. ಮದ್ಯಸಾರದೊಡನೆ ಹುಳಿಯನ್ನೂ ತಾನೇ ಕೊಡುವ ಇನ್ನೊಂದು ಹೊಸ ತಳಿಯೂ ಪೇಟೆಗೆ ಬಂದಿದೆ. ಇಂಥ ಹೊಸದು ಬಂದಾಗ ಬಲ್ಲವರು ಹಳೆಯದನ್ನು ಒಮ್ಮೆಲೇ ಎಸೆಯುವುದಿಲ್ಲ. ಒಂದೇ ರಸವನ್ನು ಎರಡು ಪಾತ್ರೆಗಳಿಗೆ ಹಂಚಿ, ಒಂದಕ್ಕೆ ಹಳೆಯ ಯೀಸ್ಟು, ಇನ್ನೊಂದಕ್ಕೆ ಹೊಸದು ಹಾಕುತ್ತಾರೆ. ಪಾತ್ರೆ, ಕಾವು, ದಿನ ಎಲ್ಲವೂ ಒಂದೇ. ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ.

ಇದನ್ನೋದಿ ಯಾರೂ ತಮ್ಮ ಖೋಲಿಯಲ್ಲಿ ಬಿಯರ್ ಕುದಿಸಲು ಹೊರಡಬಾರದು. ಮುಂಬಯಿಯಲ್ಲಿ 1949ರ ಪಾನನಿರೋಧ ಕಾಯಿದೆ ಇಂದಿಗೂ ಇದೆ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಾವು ಅವರಿಂದ ಕಲಿಯಬೇಕಾದುದು ಮದ್ಯವನ್ನಲ್ಲ, ಪರೀಕ್ಷಿಸುವ ಕ್ರಮವನ್ನು.

ಆ ಕ್ರಮ ತಿಳಿಯದೆ ನಾವೇ ಒಮ್ಮೆ ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಹಲವು ವರ್ಷಗಳ ಹಿಂದಿನ ಮಾತು. ಜನವರಿಯ ಚಳಿ, ಬೆಳಗಿನ ನಾಲ್ಕು ಗಂಟೆಗೆ ನೋಡಿದರೆ ಹಿಟ್ಟು ಇಟ್ಟಲ್ಲಿಯೇ ಇದೆ. ಹಿಟ್ಟಿನ ಕೆಲಸ ನೋಡುತ್ತಿದ್ದವರು ಕಾರ್ಕಳದ ಕಡೆಯ ಹಿರಿಯರು. ಕೈಯಿಂದ ರುಬ್ಬುವ ಕಾಲದಿಂದ ಗ್ರೈಂಡರಿನ ಕಾಲದವರೆಗೆ ಅದೇ ಕೆಲಸದಲ್ಲಿ ಸವೆದವರು. "ಇನ್ನೆರಡು ಗಂಟೆ ಬಿಡಿ, ಒಲೆಯ ಬಳಿ ಇಡೋಣ" ಎಂದರು. ನಮಗೆ ಗಿರಾಕಿಗಳ ಅವಸರ. ಬೇಕರಿಯಿಂದ ಯೀಸ್ಟು ತರಿಸಿ, ಬೆಚ್ಚಗಿನ ಸಕ್ಕರೆ ನೀರಿನಲ್ಲಿ ಕಲಸಿ, ಇಡೀ ಹಂಡೆಗೆ ಸುರಿದೆವು. ಒಂದೂವರೆ ಗಂಟೆಯಲ್ಲಿ ಹಿಟ್ಟು ಅಂಚಿಗೆ ಬಂತು. ನಾವು ಗೆದ್ದೆವೆಂದು ಬೀಗಿದೆವು. ಇಡ್ಲಿ ಬೆಂದು ತಟ್ಟೆಗೆ ಬಂದಾಗ ಪಾವಿನ ವಾಸನೆ. ಹುಳಿಯಿಲ್ಲ, ರುಚಿ ಸಪ್ಪೆ. ದಿನವೂ ಬರುವ ಗಿರಾಕಿಗಳು ಅರ್ಧ ತಿಂದು ಎದ್ದರು. ನಾವು ಆ ಹಿರಿಯರನ್ನೇ ಗದರಿದೆವು. ಅವರು ಹೇಳಿದ್ದು ಇಷ್ಟೇ: "ಧಣಿಗಳೇ, ಹಿಟ್ಟು ಉಬ್ಬಿತು, ಹದ ಬರಲಿಲ್ಲ."

ಎಸ್.ಎಸ್.ಎಲ್.ಸಿ.ಯವರೆಗೆ ಓದಿದ ನಮಗೆ ಆ ಮಾತಿನ ಅರ್ಥ ತಿಳಿದದ್ದು ಬಹಳ ದಿನಗಳ ಬಳಿಕ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಯೀಸ್ಟು ಅಲ್ಲ. ಉದ್ದು, ಅಕ್ಕಿಗಳ ಮೇಲೆ ಮೊದಲೇ ಇರುವ ಒಂದು ಜಾತಿಯ ಸೂಕ್ಷ್ಮಾಣುಗಳು ಹಿಟ್ಟಿನಲ್ಲಿ ಬೆಳೆದು ಅನಿಲವನ್ನೂ ಹುಳಿಯನ್ನೂ ಒಟ್ಟಿಗೆ ಹುಟ್ಟಿಸುತ್ತವೆ. ಲ್ಯೂಕೊನಾಸ್ಟಾಕ್ ಎಂಬುದು ಅವುಗಳ ಹೆಸರು. 1965ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದನ್ನು ತೋರಿಸಿಕೊಟ್ಟಿತು. ಉದ್ದಿನ ಅಂಟು ಆ ಅನಿಲವನ್ನು ಹಿಡಿದಿಡುತ್ತದೆ. ಬೇಕರಿಯ ಯೀಸ್ಟಾದರೋ ಅನಿಲವನ್ನು ಬೇಗನೆ ಕೊಡುತ್ತದೆ, ಇಡ್ಲಿಗೆ ಬೇಕಾದ ಹುಳಿಯನ್ನು ಕೊಡಲಾರದು. ಹಿಟ್ಟು ಮೇಲೇರಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿದವರು ನಾವು. ಮುಗಿದಿಲ್ಲವೆಂದು ಬೆರಳಿನಿಂದ, ಮೂಗಿನಿಂದ ತಿಳಿದವರು ಅವರು.

ಹಾಗಾದರೆ ಹೊಸದನ್ನು ಮುಟ್ಟಲೇಬಾರದೇ? ನಾವು ಹಾಗೆ ಹೇಳುವುದಿಲ್ಲ. ಗ್ರೈಂಡರು ಬಂದು ಎಷ್ಟೋ ಹುಡುಗರ ತೋಳು ಉಳಿಯಿತು; ಅದನ್ನು ಬೇಡವೆನ್ನುವವನು ಒಂದು ದಿನ ಕಲ್ಲು ತಿರುಗಿಸಿ ನೋಡಲಿ. ಬನ್ನಿಗೆ, ಪಾವಿಗೆ ಒಣ ಯೀಸ್ಟು ಒಳ್ಳೆಯದೇ. ಇಡ್ಲಿಗೂ ಪರೀಕ್ಷಿಸಬೇಕೆನ್ನುವವರು ಪರೀಕ್ಷಿಸಲಿ, ಆದರೆ ಗಿರಾಕಿಯ ತಟ್ಟೆಯಲ್ಲಿ ಅಲ್ಲ. ಒಂದೇ ಹಿಟ್ಟನ್ನು ಎರಡು ಸಣ್ಣ ಪಾತ್ರೆಗಳಲ್ಲಿ ಸಮನಾಗಿ ಇಡಿ. ಒಂದನ್ನು ಎಂದಿನಂತೆ ಬಿಡಿ. ಇನ್ನೊಂದರಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಇಂದು ಯೀಸ್ಟು, ನಾಳೆ ನಿನ್ನೆಯ ಹಿಟ್ಟಿನ ಒಂದು ಸೌಟು, ನಾಡಿದ್ದು ಒಲೆಯ ಪಕ್ಕದ ಕಾವು. ಎಷ್ಟು ಗಂಟೆಗೆ ಎಷ್ಟು ಏರಿತು, ಬೇಯಿಸಿದಾಗ ರುಚಿ ಹೇಗಿತ್ತು ಎಂದು ಬರೆದಿಡಿ.

ಇದನ್ನು ಬರೆಯುವವರು ಯಾರು? ಗಲ್ಲಾದ ಮೇಲೆ ಕುಳಿತ ಮಾಲಕರಲ್ಲ, ಹಿಟ್ಟಿನೊಡನೆ ಇರುವವರೇ. ಮಾಲಕ ಬಂಧುಗಳಲ್ಲಿ ನಮ್ಮ ವಿನಂತಿ ಇಲ್ಲಿಯೇ ಇದೆ. ಅಡಿಗೆಮನೆಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಇಡಿಸಿರಿ. ಕೆಲಸದ ವೇಳೆಯಲ್ಲಿಯೇ ಅದಕ್ಕೆ ಅರ್ಧ ಗಂಟೆ ಕೊಡಿರಿ. ಹದ ಬಲ್ಲವನ ಸಂಬಳವು ಪಾತ್ರೆ ತೊಳೆಯುವ ಹೊಸ ಹುಡುಗನ ಸಂಬಳಕ್ಕಿಂತ ನೂರಿನ್ನೂರು ಮಾತ್ರ ಹೆಚ್ಚಿದ್ದರೆ ಅದು ನ್ಯಾಯವೇ ಎಂದು ಯೋಚಿಸಿರಿ. ಕಾರ್ಮಿಕ ಬಂಧುಗಳಿಗೂ ಒಂದು ಮಾತು: ನೀವು ಬಲ್ಲದ್ದನ್ನು ಬರೆಯಿರಿ. ಬರೆಯಲು ಬಾರದಿದ್ದರೆ, ಆಫೀಸಿನಲ್ಲಿ ದಿನವಿಡೀ ಬರೆಯುವ ಊರಿನ ಗುಮಾಸ್ತ ಮಿತ್ರರಿದ್ದಾರೆ. ಒಂದು ಭಾನುವಾರ ಅವರನ್ನು ಕುಳ್ಳಿರಿಸಿ ಬರೆಸಿರಿ. ನೀವು ಊರಿಗೆ ಹೊರಟ ದಿನ ನಿಮ್ಮ ವಿದ್ಯೆಯೂ ಟ್ರಂಕಿನೊಡನೆ ಹೊರಟುಹೋಗಬಾರದು.

ಕಾರ್ಕಳದ ಆ ಹಿರಿಯರು ಮುಂದಿನ ಮಳೆಗಾಲಕ್ಕೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ಅವರ ಬಳಿಕ ನಮ್ಮ ಹೋಟೇಲಿನ ಇಡ್ಲಿ ಮೊದಲಿನ ಹದಕ್ಕೆ ಬರಲು ಬಹಳ ತಿಂಗಳು ಹಿಡಿಯಿತು. ಅವರು ಬಲ್ಲದ್ದನ್ನು ಯಾರೂ ಕೇಳಿ ಬರೆದಿಟ್ಟಿರಲಿಲ್ಲ. ಅವರನ್ನು ಗದರಿದ್ದು ತಪ್ಪೆಂದು ಅವರೆದುರು ಹೇಳಲು ನಮಗೆ ಅವಕಾಶವಾಗಲಿಲ್ಲ. ನಮ್ಮ ತರುಣ ಮಿತ್ರರಿಗೆ ಈ ಕಥೆಯನ್ನು ಹೇಳಿ ಪೊಟ್ಟಣವನ್ನು ಹಿಂದಕ್ಕೆ ಕೊಟ್ಟೆವು. ಅವರು ಅದನ್ನು ಜೇಬಿಗೆ ಹಾಕಿಕೊಂಡು, "ಹಾಗಾದರೆ ಒಂದು ನೋಟ್‌ಬುಕ್ಕು ಕೊಡಿ" ಎಂದರು. ಕೊಟ್ಟಿದ್ದೇವೆ.